ಅಪ್ಪನ ದಿವಾಳಿ ಅರ್ಜಿ, ಮಾವನ ಜಾಮೀನು

ಮನೆ ಯಜಮಾನ ದಿವಾಳಿ ಅರ್ಜಿ ಹಾಕುತ್ತಾರೆ ಅಂದ ಕೂಡಲೇ ನೆಂಟರು ಕೇಳುವುದು ಎರಡೇ ಪ್ರಶ್ನೆ. ಜೈಲಿಗೆ ಹಾಕುತ್ತಾರಾ? ಪಾತ್ರೆ ಪಗಡ ಬೀದಿಗೆ ಎಸೆಯುತ್ತಾರಾ? ನಮ್ಮ ಮನೆಯಲ್ಲೂ ಅದೇ ಆಯಿತು. ಎರಡಕ್ಕೂ ಉತ್ತರ ಹೆಚ್ಚುಕಮ್ಮಿ ‘ಇಲ್ಲ’. ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ಈ ಸಾಲಗಳಿಗೆ ಅಪ್ಪನ ಜೊತೆ ಬೇರೆ ಯಾರ್ಯಾರು ಸೈನ್ ಹಾಕಿದ್ದಾರೆ? ನಮ್ಮ ಸಂಸಾರವನ್ನು ನಿಜವಾಗಿ ಅಲ್ಲಾಡಿಸಿದ್ದು ಅದು.

ನಮ್ಮೂರು ದೊಡ್ಡಬಳ್ಳಾಪುರ. ಮನೆಯ ಮುಂದಿನ ಅರ್ಧದಲ್ಲಿ ಮಗ್ಗ, ಹಿಂದಿನ ಅರ್ಧದಲ್ಲಿ ಸಂಸಾರ. ಮಗ್ಗದ ಸದ್ದಿಗೆ ಟಿವಿ ಕೇಳಿಸುತ್ತಿರಲಿಲ್ಲ, ಅದಕ್ಕೆ ನಮ್ಮ ಕೇರಿಯವರೆಲ್ಲ ಮಾತಾಡುವುದೇ ಜೋರು. 2017ರಲ್ಲಿ ಅಪ್ಪ ಹಳೇ ಮಗ್ಗ ತೆಗೆದು ಹೊಸ ಪವರ್‌ಲೂಮ್ ಹಾಕಿಸಿದರು. ಅದಕ್ಕೆ ಮನೆ ಅಡಮಾನವಿಟ್ಟು ಒಂದು ಸಾಲ, ನೂಲಿಗೆ, ಕೂಲಿಗೆ ಅಂತ ಇನ್ನೊಂದು ಬ್ಯಾಂಕಿನಲ್ಲಿ 12 ಲಕ್ಷದ ಸಾಲ. ಅದೇ ವರ್ಷ ಜಿಎಸ್‌ಟಿ ಬಂತು. ಸೂರತ್ ಸೀರೆ ನಮ್ಮ ಸೀರೆಗಿಂತ ಅಗ್ಗಕ್ಕೆ ಬರುತ್ತಲೇ ಇತ್ತು. ಆದರೂ ಹೇಗೋ ನಡೆಯುತ್ತಿತ್ತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು ನೋಡಿ, ಮದುವೆ ಸೀಸನ್ನಿಗೆಂದು ನೇಯ್ದ ಸೀರೆಯೆಲ್ಲ ಬೀರುವಿನಲ್ಲೇ ಉಳಿಯಿತು. ಆಮೇಲೆ ಬ್ಯಾಂಕಿನ ಕಂತು ಕಟ್ಟುವುದಕ್ಕೆ ಕೈಸಾಲ. ಕೈಸಾಲದ ಬಡ್ಡಿಗೆ ಮೊಬೈಲ್ ಆ್ಯಪಿನ ಸಾಲ. ಕೈಸಾಲ ಅಂದರೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಕೇಳುವುದಕ್ಕೆ ಸಣ್ಣದು ಅನ್ನಿಸುತ್ತದೆ ಅಲ್ವಾ? ವರ್ಷಕ್ಕೆ ನೂರಕ್ಕೆ ಮೂವತ್ತಾರು.

ನಾನು ಬೆಂಗಳೂರಿನಲ್ಲಿ ಲೆಕ್ಕಪತ್ರ ನೋಡುವ ಕೆಲಸದಲ್ಲಿದ್ದೇನೆ. ಹಾಗಾಗಿ ಕಾಗದ ಪತ್ರದ ಜವಾಬ್ದಾರಿ ನನ್ನ ತಲೆಗೆ ಬಂತು. ನಾವು ಹಿಡಿದ ವಕೀಲರು ವಯಸ್ಸಾದವರು, ಜಾಸ್ತಿ ಮಾತಿಲ್ಲ. ಮೊದಲ ದಿನ ಅವರು ಹೇಳಿದ್ದು ಇಷ್ಟು: ‘ಎಲ್ಲಾ ಸಾಲ ಬರೆದುಕೊಂಡು ಬನ್ನಿ. ಒಂದೂ ಬಿಡಬಾರದು. ತಂಗಿ ಹತ್ತಿರ ಇಸಕೊಂಡದ್ದೂ ಬೇಕು.’

ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. ಅಡುಗೆಮನೆಯ ನೆಲದ ಮೇಲೆ ಪಾಸ್‌ಬುಕ್ಕು, ಪ್ರೊನೋಟಿನ ಜೆರಾಕ್ಸು, ಕೆಂಪು ಬಟ್ಟೆ ಹೊದಿಸಿದ ಅಪ್ಪನ ಲೆಕ್ಕದ ಪುಸ್ತಕ ಎಲ್ಲ ಹರಡಿಕೊಂಡು ಕೂತೆವು. ನಾನು ಕೂಡಿಸಿ ಮೊತ್ತ ಹೇಳಿದೆ. ಅಪ್ಪ ‘ಸರಿ’ ಅಂದು ಎದ್ದು ಹೋದರು. ರಾತ್ರಿ ಊಟಕ್ಕೆ ಕೂತಾಗ, ‘ಬಣ್ಣದ ಅಂಗಡಿಯವರದ್ದು ಒಂದಿದೆ’ ಅಂದರು. ಮಾರನೇ ದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತಾ, ‘ಚೀಟಿ ಎತ್ತಿದ್ದೆ, ಇನ್ನೂ ಕಟ್ಟುವುದಿದೆ’ ಅಂದರು. ಹೀಗೇ ಒಂದೊಂದೇ ಹೊರಗೆ ಬಂತು. ಕೊನೆಗೆ ಬಂದದ್ದು ನಮ್ಮ ಅತ್ತೆಯ ನಲವತ್ತು ಸಾವಿರ. ಅದನ್ನು ಹೇಳುವಾಗ ಮಾತ್ರ ಅವರು ನನ್ನ ಮುಖ ನೋಡಲಿಲ್ಲ. ಅಮ್ಮನಿಗೆ ಸಿಟ್ಟು ಬಂದದ್ದು ಸಾಲದ ಮೊತ್ತಕ್ಕಲ್ಲ, ಅಷ್ಟು ವರ್ಷ ತನಗೆ ಹೇಳಲಿಲ್ಲವಲ್ಲ ಅನ್ನುವುದಕ್ಕೆ. ಸ್ವಲ್ಪ ಕಾಲ ಅವರಿಬ್ಬರ ನಡುವಿನ ಮಾತೆಲ್ಲ ನನ್ನ ಮೂಲಕವೇ ನಡೆಯಿತು. ದಿವಾಳಿ ಅರ್ಜಿಗೆ ಕೂರುವ ಯಾವ ಮನೆಯಲ್ಲೂ ಈ ಪಟ್ಟಿ ಮಾಡುವ ಕೆಲಸ ಕೋರ್ಟಿನ ಕಟಕಟೆಗಿಂತ ಕಷ್ಟದ್ದು ಅಂತ ನನ್ನ ಅನಿಸಿಕೆ.

ಆ ಹೊತ್ತಿಗೆ ಬುದ್ಧಿ ಹೇಳುವವರೂ ಬಂದರು. ಊರಾಚೆ ಅಪ್ಪನ ಹೆಸರಲ್ಲಿ ಒಂದು ಸೈಟಿತ್ತು. ‘ಅದನ್ನು ಹೆಂಡತಿ ಹೆಸರಿಗೆ ಮಾಡಿಬಿಡಿ, ಆಮೇಲೆ ಅರ್ಜಿ ಹಾಕಿ’ ಅಂತ ಪಕ್ಕದ ಬೀದಿಯವರ ಸಲಹೆ. ವಕೀಲರು ಕೈ ಅಡ್ಡ ಹಿಡಿದರು. ದಿವಾಳಿ ಅರ್ಜಿ ಹಾಕುವ ಹಿಂದಿನ 2 ವರ್ಷದಲ್ಲಿ ಸರಿಯಾದ ಬೆಲೆ ತೆಗೆದುಕೊಳ್ಳದೆ ವರ್ಗ ಮಾಡಿದ ಆಸ್ತಿಯನ್ನು ಕೋರ್ಟು ರದ್ದು ಮಾಡಬಹುದು. ಆಸ್ತಿ ಹೋಗುವುದರ ಜೊತೆಗೆ ಅಪ್ಪನ ಪ್ರಾಮಾಣಿಕತೆಯ ಮೇಲೂ ಅನುಮಾನ ಬರುತ್ತದೆ. ಅತ್ತೆಯ ದುಡ್ಡನ್ನಾದರೂ ಮೊದಲು ತೀರಿಸಿಬಿಡೋಣ ಅಂತ ಅಪ್ಪ ಹಟ ಹಿಡಿದರು. ಅದಕ್ಕೂ ಬೇಡ ಅಂದರು. ಅರ್ಜಿಗೆ ಮುಂಚಿನ 3 ತಿಂಗಳಲ್ಲಿ ಒಬ್ಬರಿಗೆ ಮಾತ್ರ ಒಲವು ತೋರಿಸಿ ಸಾಲ ತೀರಿಸಿದರೆ ಅದನ್ನೂ ಪ್ರಶ್ನೆ ಮಾಡಬಹುದಂತೆ. ಸ್ವಂತ ತಂಗಿಗೂ ಬಣ್ಣದ ಅಂಗಡಿಯವರಿಗೂ ಒಂದೇ ಸಾಲಿನಲ್ಲಿ ಜಾಗ. ಅತ್ತೆಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಕಾನೂನಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು ಅಂತ ಪೇಪರಿನಲ್ಲಿ ಓದಿರುತ್ತೀರಿ. ಅದು ಕಂಪನಿಗಳಿಗೆ ಜಾರಿಯಾಗಿದೆ. ಕಂಪನಿ ಸಾಲಕ್ಕೆ ಸ್ವಂತ ಗ್ಯಾರಂಟಿ ಕೊಟ್ಟವರಿಗೆ 2019ರ ಡಿಸೆಂಬರ್ 1ರಿಂದ ಜಾರಿಯಾಗಿದೆ. ಅದರಲ್ಲಿ ಮಾಮೂಲಿ ಮನುಷ್ಯರಿಗೆ ಅಂತ ಇರುವ ಭಾಗವನ್ನು ನಾವು ಅರ್ಜಿ ಹಾಕುವಾಗ ಜಾರಿಗೆ ತಂದಿರಲಿಲ್ಲ. ಹಾಗಾಗಿ ನಮ್ಮಪ್ಪನಂಥವರು ಹೋಗಬೇಕಾದದ್ದು 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಕೆಳಗೆ, ಜಿಲ್ಲಾ ಕೋರ್ಟಿಗೆ ಅಥವಾ ಅದಕ್ಕೆ ಅಧಿಕಾರ ಕೊಟ್ಟ ಕೆಳಗಿನ ಕೋರ್ಟಿಗೆ. ನೂರು ವರ್ಷದ ಕಾಯ್ದೆ, ಒಳಗೆ ಇನ್ನೂ ಆಣೆ ಲೆಕ್ಕ ಇದೆ. ನಿಮ್ಮ ಮನೆಯವರದ್ದು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದು, ಹೆಂಡತಿಯೋ ತಾಯಿಯೋ ಗ್ಯಾರಂಟಿ ಸೈನ್ ಹಾಕಿದ್ದರೆ ನಿಮ್ಮ ದಾರಿಯೇ ಬೇರೆ. ಅದು ಬೇರೆ ನ್ಯಾಯಮಂಡಳಿಯ ವಿಷಯ, ಅದು ಗೊತ್ತಿರುವ ವಕೀಲರನ್ನೇ ನೋಡಿ.

ಜೈಲಿನ ಭಯಕ್ಕೆ ಬರುತ್ತೇನೆ. ಸಾಲ ಕಟ್ಟಲು ಆಗದೇ ಇರುವುದೇ ಅಪರಾಧ ಅಲ್ಲ. ಕೈಯಲ್ಲಿ ದುಡ್ಡಿದ್ದೂ ಬೇಕೆಂತಲೇ ಕಟ್ಟದವರನ್ನು ಸಿವಿಲ್ ಜೈಲಿಗೆ ಕಳಿಸಬಹುದು, ನಿಜಕ್ಕೂ ಇಲ್ಲದವರನ್ನು ಕಳಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಹಣದ ಡಿಕ್ರಿಗಾಗಿ, ಅಂದರೆ ಇಷ್ಟು ಹಣ ಕಟ್ಟು ಅನ್ನುವ ಕೋರ್ಟಿನ ತೀರ್ಪಿಗಾಗಿ, ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ದಿವಾಳಿ ಕೋರ್ಟಿನಿಂದ ರಕ್ಷಣೆಯ ಆದೇಶವನ್ನೂ ಕೇಳಿ ಪಡೆಯಬಹುದು. ಆದರೆ ಚೆಕ್ಕಿನ ಕೇಸು ಬೇರೆ. ಅಪ್ಪ ಕೈಸಾಲಕ್ಕೆ ಭದ್ರತೆ ಅಂತ ಸೈನ್ ಮಾಡಿದ ಖಾಲಿ ಚೆಕ್ಕು ಕೊಟ್ಟಿದ್ದರು. ಒಬ್ಬರು ಅದನ್ನು ತುಂಬಿ ಬ್ಯಾಂಕಿಗೆ ಹಾಕಿ ಬೌನ್ಸ್ ಮಾಡಿಸಿದರು. ಅದು ಕ್ರಿಮಿನಲ್ ಕೇಸು, 2 ವರ್ಷದವರೆಗೆ ಶಿಕ್ಷೆ ಇದೆ. ದಿವಾಳಿ ಅರ್ಜಿ ಹಾಕಿದ ಮಾತ್ರಕ್ಕೆ ಅದು ತಾನಾಗಿ ನಿಲ್ಲುವುದಿಲ್ಲ. ಕೊನೆಗೆ ಅದು ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಕಂತಿನ ಹಣ ನಾನೂ ತಮ್ಮನೂ ನಮ್ಮ ಸಂಬಳದಿಂದ ಹಾಕಿದೆವು.

ಪಾತ್ರೆಯ ಭಯ. ಉಡುವ ಬಟ್ಟೆ, ಅಡುಗೆ ಪಾತ್ರೆ, ಮಂಚ, ಹಾಸಿಗೆ, ಹೆಣ್ಣುಮಕ್ಕಳು ಧರ್ಮದ ಪ್ರಕಾರ ಮೈಮೇಲಿಂದ ತೆಗೆಯಬಾರದ ಒಡವೆ, ಕುಶಲಕರ್ಮಿಯ ಉಪಕರಣ ಇವನ್ನೆಲ್ಲ ಜಪ್ತಿ ಮಾಡುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ನಿನಲ್ಲಿ ಈ ಪಟ್ಟಿ ಇದೆ. ಪಿಎಫ್ ಹಣ, ಸರ್ಕಾರಿ ಪಿಂಚಣಿ, ಜೀವವಿಮೆ ಹಣವೂ ಅದರಲ್ಲಿ ಸೇರಿದೆ. ದಿವಾಳಿಯಾದವನ ಆಸ್ತಿ ವಶಕ್ಕೆ ತೆಗೆದುಕೊಂಡು ಸಾಲ ಕೊಟ್ಟವರಿಗೆ ಹಂಚಲು ಕೋರ್ಟು ನೇಮಿಸಿದ ರಿಸೀವರ್ ಮನೆಗೆ ಬಂದ ದಿನ ಅಮ್ಮ ಬೆಳಿಗ್ಗೆಯಿಂದಲೇ ತಾಳಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು. ಆ ಮನುಷ್ಯ ಅದರ ಕಡೆ ನೋಡಲೂ ಇಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ‘ಇಲ್ಲೇನೂ ಬೇಡಮ್ಮ’ ಅಂದು ವಾಪಸ್ ಮಗ್ಗದ ಕಡೆ ಹೋದರು. ಬೀರುವಿನಲ್ಲಿದ್ದ ಸೀರೆ ಎಣಿಸಿದರು, ಜರಿ ತೂಗಿಸಿದರು, ಅಪ್ಪನ ಬೈಕಿನ ನಂಬರು ಬರೆದುಕೊಂಡರು. ಮಗ್ಗ ಕುಶಲಕರ್ಮಿಯ ಉಪಕರಣ ಅಲ್ವಾ, ಉಳಿಯಬಹುದಾ ಅಂತ ತಮ್ಮ ಕೇಳಿದ. ಅವು ಬ್ಯಾಂಕಿಗೆ ಅಡ ಇದ್ದವು. ಹಾಗಾಗಿ ಆ ವಾದಕ್ಕೆ ಅವಕಾಶವೇ ಇರಲಿಲ್ಲ.

ಮನೆಯೂ ಅಷ್ಟೇ. ಅಡಮಾನವಿಟ್ಟ ಆಸ್ತಿಗೆ ದಿವಾಳಿ ಅರ್ಜಿ ರಕ್ಷಣೆ ಕೊಡುವುದಿಲ್ಲ. ಕೋರ್ಟಿನಲ್ಲಿ ದಾವೆ ಹಾಕದೆಯೇ ಅಡಮಾನದ ಆಸ್ತಿ ಹಿಡಿಯಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕು 60 ದಿನದ ನೋಟಿಸು ಕೊಟ್ಟಿತು. ಆಮೇಲೆ ಬಾಗಿಲಿಗೆ ಸ್ವಾಧೀನದ ನೋಟಿಸು ಅಂಟಿಸಿತು. ಅದೇ ನೋಟಿಸು ಎರಡು ಪತ್ರಿಕೆಯಲ್ಲಿ ಬಂತು, ಒಂದು ಕನ್ನಡದ್ದು. ನಮ್ಮೂರಲ್ಲಿ ಇಂಗ್ಲಿಷ್ ಪೇಪರಿನಲ್ಲಿ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಕನ್ನಡ ಪೇಪರಿನದ್ದು ಕಟಿಂಗ್ ಶಾಪಿನಿಂದ ಹಿಡಿದು ದೇವಸ್ಥಾನದ ಕಟ್ಟೆವರೆಗೂ ಮುಟ್ಟಿತು. ಹರಾಜಾಯಿತು, ಬ್ಯಾಂಕಿನ ಸಾಲ ಕಳೆದು ಮಿಕ್ಕ ಸ್ವಲ್ಪ ಹಣ ರಿಸೀವರ್ ಕೈಗೆ ಹೋಯಿತು. ನಾವು ಬಾಡಿಗೆ ಮನೆಗೆ ಬಂದೆವು. ಸದ್ದಿಲ್ಲದ ಮನೆಯಲ್ಲಿ ಅಪ್ಪನಿಗೆ ನಿದ್ದೆ ಬರುತ್ತಿರಲಿಲ್ಲ. ಫ್ಯಾನನ್ನು ಐದಕ್ಕೆ ಇಟ್ಟು ಮಲಗುತ್ತಿದ್ದರು.

ಈಗ ಮಾವನ ವಿಷಯ. ಅಮ್ಮನ ತಮ್ಮ, ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರು. 12 ಲಕ್ಷದ ಸಾಲ ತೆಗೆಯುವಾಗ ಬ್ಯಾಂಕಿನವರು ಸಂಬಳದ ಜಾಮೀನು ಕೇಳಿದರು. ಮಾವ ಸ್ಕೂಲಿಂದ ನೇರ ಬಂದು ಸೈನ್ ಹಾಕಿ ಹೋದರು. ನಿಂತುಕೊಂಡೇ ಹಾಕಿದ್ದು ಅಂತ ಅಮ್ಮ ಈಗಲೂ ಹೇಳುತ್ತಾರೆ. ಓದಿದ್ದರೂ ಹಾಕುತ್ತಿದ್ದರು ಬಿಡಿ, ಅಕ್ಕನ ಮನೆ ವಿಷಯ.

ಅಪ್ಪ ದಿವಾಳಿ ಅರ್ಜಿ ಹಾಕಿದರೆ ಮಾವನೂ ಬಚಾವಾಗುತ್ತಾರೆ ಅಂತ ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ಆದದ್ದು ಉಲ್ಟಾ. ಸಾಲ ತೆಗೆದವನ ಮೇಲೆ ಎಷ್ಟು ಹೊಣೆಯೋ ಜಾಮೀನುದಾರನ ಮೇಲೂ ಅಷ್ಟೇ ಹೊಣೆ ಅನ್ನುತ್ತದೆ ಕರಾರು ಕಾಯ್ದೆ. ದಿವಾಳಿ ಕಾಯ್ದೆಯೂ ಇದನ್ನೇ ಬಿಡಿಸಿ ಹೇಳುತ್ತದೆ: ದಿವಾಳಿಯಾದವನಿಗೆ ಕೊನೆಗೆ ಹಳೇ ಸಾಲಗಳಿಂದ ಬಿಡುಗಡೆಯ ಆದೇಶ ಸಿಕ್ಕರೂ ಜಾಮೀನುದಾರನಿಗೆ, ಜಂಟಿಯಾಗಿ ಸಾಲ ತೆಗೆದವನಿಗೆ, ಪಾಲುದಾರನಿಗೆ ಅದರಿಂದ ಬಿಡುಗಡೆ ಇಲ್ಲ. ಅಪ್ಪನ ಕಡೆಯಿಂದ ಏನೂ ಹುಟ್ಟುವುದಿಲ್ಲ ಅಂತ ಗೊತ್ತಾದ ಮೇಲೆ ಬ್ಯಾಂಕು ತಿರುಗಿದ್ದು ಮಾವನ ಕಡೆ. ಸ್ಕೂಲಿನ ವಿಳಾಸಕ್ಕೆ ನೋಟಿಸು ಹೋಯಿತು. ಹೆಡ್‌ಮೇಷ್ಟ್ರು ಸ್ಟಾಫ್ ರೂಮಿನಲ್ಲೇ ಕೊಟ್ಟರಂತೆ.

ಸಂಬಳ ಜಪ್ತಿಗೂ ಒಂದು ಲೆಕ್ಕ ಇದೆ. ಮೊದಲ 1,000 ರೂಪಾಯಿ ಮುಟ್ಟುವಂತಿಲ್ಲ. ಮಿಕ್ಕದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ಲೆಕ್ಕಕ್ಕೆ ಸಿಗುವ ಸಂಬಳ 61,000 ಇದ್ದರೆ 1,000 ತೆಗೆದು ಉಳಿದ 60,000ದಲ್ಲಿ ಮೂರನೇ ಒಂದು, ಅಂದರೆ ತಿಂಗಳಿಗೆ 20,000 ಹೋಗುತ್ತದೆ. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಹೀಗೆ ಕಡಿತವಾದ ಮೇಲೆ ಆ ಡಿಕ್ರಿಗೆ ಮತ್ತೆ ಸಂಬಳ ಹಿಡಿಯುವಂತಿಲ್ಲ. ಇಷ್ಟನ್ನು ನಾನು ಕಾಗದದ ಮೇಲೆ ಬರೆದು ಮಾವನಿಗೆ ತೋರಿಸಿದೆ. ಅವರು ಮಾತಾಡಲಿಲ್ಲ. ನಮ್ಮತ್ತಿಗೆ, ಅಂದರೆ ಅವರ ಸೊಸೆ, ಕಾಗದ ತೆಗೆದುಕೊಂಡು ಫೀಸಿನ ತಿಂಗಳುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದಳು.

ಡಿಕ್ರಿವರೆಗೆ ಹೋಗಲು ಬಿಡದೆ ಮಾವ ಬ್ಯಾಂಕಿನ ಜೊತೆ ಒಂದೇ ಸಲದ ಇತ್ಯರ್ಥಕ್ಕೆ ಒಪ್ಪಿದರು. ಬ್ಯಾಂಕಿನವರು ಬಡ್ಡಿಯಲ್ಲಿ ದೊಡ್ಡ ಭಾಗ ಬಿಟ್ಟರು. ಕಟ್ಟಿದ ಹಣವನ್ನು ಅಪ್ಪನಿಂದ ಕೇಳುವ ಹಕ್ಕು ಮಾವನಿಗಿದೆ. ಹಾಗಾಗಿ ಅವರೂ ರಿಸೀವರ್ ಮುಂದೆ ಸಾಲ ಕೊಟ್ಟವರ ಸಾಲಿನಲ್ಲಿ ಕ್ಲೇಮು ಹಾಕಬೇಕಾಯಿತು. ಅಪ್ಪನ ವಿರುದ್ಧದ ಕಾಗದಕ್ಕೆ ಸೈನ್ ಹಾಕುವುದಕ್ಕೆ ಮಾವ ಒಪ್ಪಲಿಲ್ಲ. ‘ಭಾವನ ಮೇಲೆ ನಾನು ಕೇಸು ಹಾಕೋದಾ?’ ಅಂದರು. ಇದು ಕೇಸಲ್ಲ, ನಿಮ್ಮ ಪಾಲು ಕೇಳುವುದು ಅಷ್ಟೇ, ನೀವು ಬಿಟ್ಟರೆ ಅದು ಆ್ಯಪಿನವರಿಗೆ ಹೋಗುತ್ತದೆ ಅಂತ ಅಪ್ಪನೇ ಹೋಗಿ ಒಪ್ಪಿಸಿದರು. ನನಗೆ ಗೊತ್ತಿರುವ ಹಾಗೆ ಆ ವರ್ಷ ಅಪ್ಪ ತಾವಾಗಿ ಮಾವನ ಮನೆಗೆ ಹೋದದ್ದು ಅದೊಂದೇ ಸಲ. ಹಬ್ಬಕ್ಕೆ ಬಾಗಿನ ಬರುವುದು ನಿಂತಿಲ್ಲ. ಆದರೆ ಮಾತಿನ ಹದ ಬದಲಾಗಿದೆ, ಇಲ್ಲ ಅಂದರೆ ಸುಳ್ಳಾಗುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ, ಅರ್ಜಿಗೆ ಮುಂಚೆ ಜಾಮೀನುದಾರರನ್ನು ಕೂರಿಸಿ ಮಾತಾಡಿ. ಅವರಿಗೆ ಮೊದಲ ಸುದ್ದಿ ನಿಮ್ಮಿಂದ ಬರಲಿ, ನೋಟಿಸಿನಿಂದ ಬೇಡ. ಅವರು ಇತ್ಯರ್ಥ ಮಾಡಿಕೊಳ್ಳುವುದಾದರೆ ‘ಬಾಕಿ ಇಲ್ಲ’ ಅನ್ನುವ ಪತ್ರ ಕೈಗೆ ಬರುವವರೆಗೆ ಸುಮ್ನೆ ಕೂರಬಾರದು. ಇತ್ಯರ್ಥದ ಗುರುತು ಅವರ ಸಿಬಿಲ್ ವರದಿಯಲ್ಲೂ ಕೂರುತ್ತದೆ. ನಮ್ಮ ಮಾವ ಮಗಳ ಓದಿಗೆ ಸಾಲ ಕೇಳಲು ಹೋದಾಗ ಅದು ಗೊತ್ತಾಯಿತು.

ಮಕ್ಕಳ ವಿಷಯ ಇಷ್ಟೇ. ರಿಕವರಿಯ ಹುಡುಗನೊಬ್ಬ ತಮ್ಮನ ಆಫೀಸಿಗೆ ಫೋನ್ ಮಾಡಿ, ‘ಅಪ್ಪನ ಸಾಲ ಮಗ ಕಟ್ಟಬೇಕು, ಹಿಂದೂ ಧರ್ಮದಲ್ಲೇ ಇದೆ’ ಅಂದನಂತೆ. ಹಿಂದೆ ಹಾಗಿತ್ತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದ ನಂತರದ ಸಾಲಗಳಿಗೆ, ಮಗ ಅನ್ನುವ ಒಂದೇ ಕಾರಣಕ್ಕೆ ಹೊಣೆ ಇಲ್ಲ. ಸೈನ್ ಹಾಕಿದ್ದರೆ ಉಂಟು. ಅಪ್ಪನಿಂದ ಆಸ್ತಿ ಬಂದರೆ ಆ ಆಸ್ತಿಯ ಮಟ್ಟಿಗೆ ಉಂಟು. ರಿಕವರಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕು 2022ರಲ್ಲಿ ಹೇಳಿದೆ. ಕೋರ್ಟಿನ ಆದೇಶದ ಪ್ರತಿಯನ್ನು ಲ್ಯಾಮಿನೇಷನ್ ಮಾಡಿಸಿ ಕ್ಯಾಲೆಂಡರಿನ ಹಿಂದಿನ ಮೊಳೆಗೆ ನೇತು ಹಾಕಿದ್ದೇವೆ. ಯಾರೇ ಬಂದರೂ ಅಮ್ಮ ಮಾತಾಡುವುದಿಲ್ಲ, ಅದನ್ನು ತೆಗೆದು ಕೊಡುತ್ತಾರೆ. ಬಂದವರಲ್ಲಿ ಎಷ್ಟೋ ಜನ ಮೊದಲ ಸಾಲು ಓದಿಯೇ ವಾಪಸ್ ಕೊಟ್ಟಿದ್ದಾರೆ.

ಅಮ್ಮನ ಹೆಸರಲ್ಲಿ ಒಂದು ಮೈಕ್ರೋಫೈನಾನ್ಸ್ ಸಾಲ ಇತ್ತು. ಅದು ಅಮ್ಮನದೇ, ಅಪ್ಪನ ದಿವಾಳಿಗೂ ಅದಕ್ಕೂ ಸಂಬಂಧವಿಲ್ಲ. ಗುಂಪು ಸಾಲ. ಅಮ್ಮ ಕಟ್ಟದ ವಾರ ಪಕ್ಕದ ಮನೆಯವರು ಕಟ್ಟಬೇಕು. ಕಿರುಕುಳ ತಡೆಯುವುದಕ್ಕೆ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ನೀರಿನ ನಲ್ಲಿ ಹತ್ತಿರ ಗುಂಪಿನ ಹೆಂಗಸರು ಮುಖ ತಿರುಗಿಸುವುದಕ್ಕೆ ಯಾವ ಸುಗ್ರೀವಾಜ್ಞೆ ಇದೆ? ಆ ಸಾಲವನ್ನು ನಾವು ಎಲ್ಲಕ್ಕಿಂತ ಮೊದಲು ಕಟ್ಟಿ ಮುಗಿಸಿದೆವು. ಇಂಥ ವಿಷಯಕ್ಕೆ ವಕೀಲರ ಸಲಹೆ ಬೇಕಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ವರಮಾನ ಎಷ್ಟಿದ್ದರೂ ಉಚಿತ ನೆರವು ಸಿಗುತ್ತದೆ.

ದಿವಾಳಿ ಅಂತ ಆದೇಶವಾದ ಮೇಲೆ, ಬಿಡುಗಡೆ ಸಿಗುವ ತನಕ, ಅಪ್ಪನದು ತ್ರಿಶಂಕು ಸ್ಥಿತಿ. ಈ ನಡುವೆ ಅವರಿಗೆ ಬರುವ ಆಸ್ತಿಯೂ ರಿಸೀವರ್ ಪಾಲು. ಅಜ್ಜಿ ಹೆಸರಲ್ಲಿ ಸ್ವಲ್ಪ ಜಮೀನಿದೆ. ಅಜ್ಜಿಗೆ ಏನಾದರೂ ಆದರೆ ಅಪ್ಪನ ಪಾಲು ಸಾಲ ಕೊಟ್ಟವರಿಗೆ ಹೋಗುತ್ತದೆ. ಇದನ್ನು ಕೇಳಿದ ದಿನ ದೊಡ್ಡಪ್ಪ ಹಾರಾಡಿದ್ದು ಅಷ್ಟಿಷ್ಟಲ್ಲ. ಅಪ್ಪ ಯಾರ ಹತ್ತಿರವಾದರೂ 50 ರೂಪಾಯಿ ಅಥವಾ ಜಾಸ್ತಿ ಸಾಲ ಪಡೆದರೆ, ‘ನಾನು ದಿವಾಳಿಯಾದವನು’ ಅಂತ ಮೊದಲೇ ಹೇಳಬೇಕು, ಇಲ್ಲವಾದರೆ 6 ತಿಂಗಳವರೆಗೆ ಶಿಕ್ಷೆ. ಐವತ್ತು ರೂಪಾಯಿ! ಇವತ್ತಿನ ಕಾಲಕ್ಕೆ ಒಂದು ಪ್ಲೇಟ್ ಇಡ್ಲಿ ವಡೆ. ಅಪ್ಪ ಇದನ್ನು ತಮಾಷೆಗೆ ತೆಗೆದುಕೊಳ್ಳಲಿಲ್ಲ. ದಿನಸಿ ಅಂಗಡಿಯ ಉದ್ರಿ ಪುಸ್ತಕದಿಂದ ತಮ್ಮ ಹೆಸರು ಹೊಡೆಸಿ ಅಮ್ಮನ ಹೆಸರು ಬರೆಸಿ ಬಂದರು. ಈಗ ಇನ್ನೊಬ್ಬರ ಮಗ್ಗದಲ್ಲಿ ಕೂಲಿಗೆ ಹೋಗುತ್ತಾರೆ. ಕೈ ಇನ್ನೂ ಚೆನ್ನಾಗಿದೆ ಅಂತ ಮಾಲೀಕರು ಹೇಳಿದರಂತೆ, ಅಮ್ಮ ಫೋನಿನಲ್ಲಿ ಎರಡು ಸಲ ಹೇಳಿದರು.

ಬಿಡುಗಡೆ ತಾನಾಗಿ ಬರುವುದಿಲ್ಲ. ಕೋರ್ಟು ಒಂದು ಅವಧಿ ಕೊಟ್ಟಿರುತ್ತದೆ, ಅಷ್ಟರೊಳಗೆ ಅರ್ಜಿ ಹಾಕಬೇಕು. ಹಾಕದಿದ್ದರೆ ದಿವಾಳಿ ಆದೇಶವೇ ರದ್ದಾಗಿ ಅದರ ಜೊತೆ ರಕ್ಷಣೆಯೂ ಹೋಗಬಹುದು. ಎಷ್ಟೋ ಮನೆಗಳಲ್ಲಿ ಆದೇಶ ಸಿಕ್ಕ ಖುಷಿಯಲ್ಲಿ ಇದನ್ನು ಮರೆತುಬಿಡುತ್ತಾರೆ ಅಂತ ನಮ್ಮ ವಕೀಲರು ಹೇಳಿದರು. ನಾನು ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ, ತಮ್ಮನ ಫೋನಿನಲ್ಲೂ ಇಡಿಸಿದ್ದೇನೆ.

ಇಲ್ಲೇ ಆ ಆಣೆ ಲೆಕ್ಕ ಬರುವುದು. ಭದ್ರತೆ ಇಲ್ಲದ ಸಾಲಗಳ ಮೊತ್ತಕ್ಕೆ ರೂಪಾಯಿಗೆ ಎಂಟಾಣೆಯಷ್ಟೂ ಆಸ್ತಿ ಇಲ್ಲದಿದ್ದರೆ ಪೂರ್ತಿ ಬಿಡುಗಡೆ ಕೊಡುವಂತಿಲ್ಲ. ಅದಕ್ಕೆ ಕಾರಣ ತನ್ನ ಕೈಮೀರಿದ್ದು ಅಂತ ದಿವಾಳಿಯಾದವನು ತೋರಿಸಿಕೊಟ್ಟರೆ ಬೇರೆ ಮಾತು. ಸೈಟು, ಸೀರೆ, ಮನೆಯ ಹರಾಜಿನಲ್ಲಿ ಮಿಕ್ಕದ್ದು ಎಲ್ಲ ಕೂಡಿಸಿದರೂ ನಮ್ಮಲ್ಲಿ ಎಂಟಾಣೆ ಆಗುವುದಿಲ್ಲ. ಲಾಕ್‌ಡೌನಿನಲ್ಲಿ ಮಗ್ಗ ನಿಂತಿತ್ತು ಅಂತ ಬಾಯಲ್ಲಿ ಹೇಳಿದರೆ ಸಾಲದು, ಕಾಗದ ಬೇಕು. ಅದಕ್ಕೆ ನಾನು ಈ ತಿಂಗಳು ಬೆಸ್ಕಾಂನ ಹಳೇ ಬಿಲ್ಲು ಹುಡುಕಿ ತೆಗೆಯುತ್ತಿದ್ದೇನೆ. 2020ರ ಫೆಬ್ರವರಿಯದ್ದರಲ್ಲಿ ಮಗ್ಗದ ಮೀಟರು ಸಾವಿರದ ಮೇಲೆ ಯೂನಿಟ್ ತೋರಿಸುತ್ತದೆ, ಏಪ್ರಿಲ್‌ನದ್ದರಲ್ಲಿ ಏನೂ ಇಲ್ಲ. ಮೇ ತಿಂಗಳದ್ದು ಇನ್ನೂ ಸಿಕ್ಕಿಲ್ಲ, ಸೋಮವಾರ ಆಫೀಸಿಗೆ ಹೋಗಿ ನಕಲಿಗೆ ಅರ್ಜಿ ಕೊಡಬೇಕು.